ತಿರುಗಿ ಹೋಗುವ ಸುದ್ದಿ: ಭಂಗಿಸೊಪ್ಪು ಮತ್ತು ಮಿದುಳಿನ ಚರಿತ್ರೆ

1838ರ ನವೆಂಬರ್ ತಿಂಗಳು. ಕಲ್ಕತ್ತಾದ ಮೆಡಿಕಲ್ ಕಾಲೇಜಿನ ಆಸ್ಪತ್ರೆಯಲ್ಲಿ ಕೀಲುವಾಯುವಿನಿಂದ ನರಳುತ್ತಿದ್ದ ಮೂವರು ರೋಗಿಗಳಿಗೆ ಮಧ್ಯಾಹ್ನ ಎರಡು ಗಂಟೆಗೆ ಗಾಂಜಾದ ಅಂಟನ್ನು ಕರಗಿಸಿ ಕುಡಿಸಿದರು. ತಲೆಗೆ ಒಂದು ಗ್ರೇನ್, ಅಂದರೆ ಸುಮಾರು 65 ಮಿಲಿಗ್ರಾಂ. ಎರಡು ತಾಸು ಕಳೆಯುವಷ್ಟರಲ್ಲಿ ಒಬ್ಬನಿಗೆ ಮಾತು ಹೆಚ್ಚಾಯಿತು. ಹಾಡತೊಡಗಿದ, ಇನ್ನಷ್ಟು ಊಟ ಬೇಕೆಂದು ಕೂಗಿದ, ತನಗೆ ಯಾವ ಕಾಯಿಲೆಯೂ ಇಲ್ಲವೆಂದು ಸಾರಿದ. ಸಂಜೆ ನಿದ್ದೆಗೆ ಜಾರಿದ. ರಾತ್ರಿ ಎಂಟರ ಹೊತ್ತಿಗೆ ಆಸ್ಪತ್ರೆಯಿಂದ ವೈದ್ಯರ ಮನೆಗೆ ತುರ್ತು ಚೀಟಿ ಹೋಯಿತು. ಅವರು ಓಡಿಬಂದು ನೋಡಿದರೆ ಆಸಾಮಿಗೆ ಮೈಮೇಲೆ ಎಚ್ಚರವಿಲ್ಲ. ಆದರೆ ಉಸಿರು ಸರಾಗವಾಗಿದೆ, ನಾಡಿ ಸರಿಯಾಗಿದೆ. ವೈದ್ಯರು ಅವನ ತೋಳನ್ನು ಎತ್ತಿ ಬಿಟ್ಟರು. ತೋಳು ಕೆಳಗೆ ಬೀಳಲಿಲ್ಲ, ಎತ್ತಿದಲ್ಲೇ ನಿಂತಿತು. ಎಬ್ಬಿಸಿ ಕೂರಿಸಿ ಕೈಕಾಲುಗಳನ್ನು ಹೇಗೆ ಮಡಚಿದರೂ ಹಾಗೇ ಉಳಿದ, ಮೇಣದ ಗೊಂಬೆಯ ಹಾಗೆ. ಪಕ್ಕದ ಮಂಚದವನು ಈ ತಮಾಷೆ ನೋಡಿ ನಗುತ್ತಿದ್ದವನು ಇದ್ದಕ್ಕಿದ್ದಂತೆ ಗಹಗಹಿಸಿ, ನಾಲ್ಕು ಭೂತಗಳು ತನ್ನ ಮಂಚವನ್ನು ಎತ್ತಿಕೊಂಡು ಹಾರುತ್ತಿವೆ ಎಂದು ಕೂಗಿದ. ಅವನ ತೋಳೂ ಎತ್ತಿದಲ್ಲೇ ನಿಂತಿತು. ನಡುರಾತ್ರಿ ಕಳೆದ ಮೇಲೆ ಮೊದಲಿನವನು ತಾನಾಗಿ ಎಚ್ಚೆತ್ತ. ಮೂರನೆಯವನಿಗೆ ಆ ಹೊತ್ತಿನವರೆಗೂ ಹೇಳಿಕೊಳ್ಳುವಂಥದ್ದೇನೂ ಆಗಿರಲಿಲ್ಲ.

ಇದನ್ನೆಲ್ಲ ಬರೆದಿಟ್ಟವರು ವಿಲಿಯಂ ಬ್ರೂಕ್ ಓಶಾನೆಸಿ. ಐರ್ಲೆಂಡಿನ ಲಿಮರಿಕ್‌ನಿಂದ ಬಂದು, ಈಸ್ಟ್ ಇಂಡಿಯಾ ಕಂಪನಿಯ ಕೆಲಸಕ್ಕೆ ಸೇರಿ, ಮೆಡಿಕಲ್ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದ ಮನುಷ್ಯ. ವಯಸ್ಸು ಮೂವತ್ತರ ಆಸುಪಾಸು. ಇಲ್ಲಿಗೆ ಬರುವ ಮೊದಲೇ, ಕಾಲರಾ ರೋಗಿಯ ರಕ್ತದಲ್ಲಿ ನೀರು ಮತ್ತು ಉಪ್ಪು ಖಾಲಿಯಾಗಿರುತ್ತವೆಂದು ಪರೀಕ್ಷಿಸಿ ತೋರಿಸಿದ್ದರು. ಇವತ್ತು ಆಸ್ಪತ್ರೆಗಳಲ್ಲಿ ಏರಿಸುವ ಸಲೈನ್ ಬಾಟಲಿಯ ವಂಶಾವಳಿಯಲ್ಲಿ ಅವರ ಹೆಸರಿದೆ. 1839ರಲ್ಲಿ ಪ್ರಕಟವಾದ ಅವರ ಗಾಂಜಾ ಪ್ರಬಂಧ ಓದಿದರೆ ಆಶ್ಚರ್ಯವಾಗುತ್ತದೆ. ಮೊದಲು ಪಂಡಿತರನ್ನೂ ಹಕೀಮರನ್ನೂ ಕೇಳಿ ತಿಳಿದುಕೊಂಡಿದ್ದಾರೆ. ಸಂಸ್ಕೃತ ಗ್ರಂಥಗಳ ವಿಷಯಕ್ಕೆ ಕಮಲಾಕಾಂತ ವಿದ್ಯಾಲಂಕಾರ ಮತ್ತು ಮಧುಸೂದನ ಗುಪ್ತ, ಅರಬಿ ಪಾರಸಿ ಗ್ರಂಥಗಳಿಗೆ ಸೈಯದ್ ಕೆರಾಮತ್ ಅಲಿ. ಈ ಹೆಸರುಗಳನ್ನು ಅವರು ಮರೆಯದೆ ದಾಖಲಿಸಿದ್ದಾರೆ. ಮುಂದಿನವರು ಈ ಸೌಜನ್ಯವನ್ನು ಹೆಚ್ಚಾಗಿ ಉಳಿಸಿಕೊಳ್ಳಲಿಲ್ಲ. ಗಾಂಜಾವನ್ನು ಪಾಶ್ಚಾತ್ಯ ವೈದ್ಯಕ್ಕೆ ತಂದವರು ಓಶಾನೆಸಿ ಎಂಬ ಒಂದು ಸಾಲಿನಲ್ಲಿ ಕಥೆ ಮುಗಿದುಬಿಡುತ್ತದೆ.

ಗ್ರಂಥ ನೋಡಿದ ಮೇಲೆ ಪ್ರಾಣಿಗಳು. ನೇಪಾಳದ ಚರಸ್ ತಿಂದ ನಾಯಿಯೊಂದು ತೂಕಡಿಸಿತು, ಬಾಲ ಅಲ್ಲಾಡಿಸಿತು, ಕೊಟ್ಟಿದ್ದನ್ನು ಆಸೆಯಿಂದ ತಿಂದಿತು, ಕರೆದರೆ ತಟ್ಟಾಡುತ್ತ ಬಂದಿತು. ಮಾಂಸಾಹಾರಿ ಪ್ರಾಣಿಗಳಿಗೆ ಅಮಲು ಬೇಗ ಏರುತ್ತದೆ, ಹುಲ್ಲು ತಿನ್ನುವ ಕುದುರೆ, ಆಡು, ಹಸುಗಳಿಗೆ ಅಷ್ಟಾಗಿ ಏರುವುದಿಲ್ಲ ಎಂದು ಗಮನಿಸಿದರು. ಆಮೇಲೆ ವಿದ್ಯಾರ್ಥಿಗಳ ಸರದಿ. ನಾಚಿಕೆ ಸ್ವಭಾವದ ಒಬ್ಬ ಹುಡುಗ ಕೆಲವು ಹನಿ ಕುಡಿದು ತಾನೇ ರಾಜನೆಂಬ ಗತ್ತಿನಲ್ಲಿ ಆಸ್ಥಾನಕ್ಕೆ ಅಪ್ಪಣೆ ಹೊರಡಿಸತೊಡಗಿದನಂತೆ. ಆ ಬಳಿಕವೇ ರೋಗಿಗಳು: ಕೀಲುವಾಯು, ಕಾಲರಾ, ಧನುರ್ವಾಯು, ಹುಚ್ಚುನಾಯಿ ಕಡಿತ. ಹುಚ್ಚುನಾಯಿ ಕಡಿದವನು ಉಳಿಯಲಿಲ್ಲ. ನೀರು ಕಂಡರೆ ನಡುಗುತ್ತಿದ್ದವನ ಕೊನೆಯ ದಿನಗಳ ಯಾತನೆ ತಗ್ಗಿತು, ಅಷ್ಟೆ. ಸೆಳೆತ ಬರುತ್ತಿದ್ದ ನಲವತ್ತು ದಿನದ ಕೂಸು ಮಾತ್ರ ಉಳಿಯಿತು.

ಇಷ್ಟು ಎಚ್ಚರದಿಂದ ಗಮನಿಸಿದ ಮನುಷ್ಯನಿಗೂ ಕೇಳಲಾಗದ ಒಂದು ಪ್ರಶ್ನೆ ಇತ್ತು. ಒಂದು ಗ್ರೇನ್ ಅಂಟು ಹೊಟ್ಟೆಯಿಂದ ಹೊರಟು ತಲೆಯೊಳಗೆ ಹೋಗಿ ಯಾರನ್ನು ಮಾತಾಡಿಸುತ್ತದೆ? ತೋಳನ್ನು ಗಾಳಿಯಲ್ಲಿ ನಿಲ್ಲಿಸುವ, ಆದರೆ ಉಸಿರನ್ನು ನಿಲ್ಲಿಸದ ಈ ವಸ್ತು ಎಲ್ಲಿ ಕೈಯಿಟ್ಟು ಎಲ್ಲಿ ಕೈಬಿಡುತ್ತದೆ? ಉತ್ತರದ ಮೊದಲ ಭಾಗ ಸಿಗಲು ಒಂದೂವರೆ ಶತಮಾನ ಬೇಕಾಯಿತು. ಅದೇ 1839ರಲ್ಲಿ ಓಶಾನೆಸಿ ಕಲ್ಕತ್ತಾದ ಬಳಿ ಕೆಲವು ಮೈಲಿ ತಂತಿ ಎಳೆದು ಟೆಲಿಗ್ರಾಫ್ ಪ್ರಯೋಗವನ್ನೂ ಮಾಡಿದ್ದರು. 1850ರ ದಶಕದಲ್ಲಿ ಕಲ್ಕತ್ತಾ, ಆಗ್ರಾ, ಬೊಂಬಾಯಿ, ಮದ್ರಾಸುಗಳನ್ನು ತಂತಿಯಿಂದ ಬೆಸೆದವರೂ ಅವರೇ. ‘ಸರ್’ ಪದವಿ ಬಂದದ್ದು ತಂತಿಯಿಂದ, ಗಾಂಜಾದಿಂದಲ್ಲ. ನರಗಳನ್ನು ತಂತಿಗೆ ಹೋಲಿಸುವುದು ಆ ಶತಮಾನದಲ್ಲಿ ರೂಢಿಯಾಯಿತು. ಅದು ಮುಂದೆ ಒಂದು ತೊಡಕನ್ನೂ ತಂದಿತು. ಆ ವಿಷಯಕ್ಕೆ ಆಮೇಲೆ ಬರೋಣ.

ಈ ನಡುವೆ ನಮ್ಮ ಕಡೆಯ ಒಂದು ಮಾತು. ಕನ್ನಡದಲ್ಲಿ ಇದು ಭಂಗಿಸೊಪ್ಪು. ಸೊಪ್ಪು ಎಂದ ಕೂಡಲೇ ಅಡುಗೆಮನೆಯ ಸಲಿಗೆ ಬಂದುಬಿಡುತ್ತದೆ. 1563ರಲ್ಲಿ ಗೋವೆಯಲ್ಲಿ ಅಚ್ಚಾದ ಪುಸ್ತಕದಲ್ಲಿ ಪೋರ್ಚುಗೀಸ್ ವೈದ್ಯ ಗಾರ್ಸಿಯಾ ದ ಓರ್ತಾ ಭಂಗಿಯ ಬಗ್ಗೆ ಬರೆದಿದ್ದಾನೆ. ಯಾದಗಿರಿ ಜಿಲ್ಲೆಯ ತಿಂಥಣಿ ಮೌನೇಶ್ವರನ ಸನ್ನಿಧಿಯಲ್ಲಿ ಭಂಗಿಯನ್ನು ಪ್ರಸಾದವೆಂದು ಸ್ವೀಕರಿಸುವ ವಾಡಿಕೆ ಈಚಿನ ವರ್ಷಗಳಲ್ಲಿ ಪತ್ರಿಕೆಗಳಲ್ಲೂ ಸುದ್ದಿಯಾಯಿತು. 1985ರ ಮಾದಕ ವಸ್ತು ಕಾಯ್ದೆ ಹೂಗೊನೆಯನ್ನು ಗಾಂಜಾ ಎಂದು ನಿಷೇಧಿಸಿ, ಬರೀ ಎಲೆಯನ್ನು ಆ ವ್ಯಾಖ್ಯೆಯಿಂದ ಹೊರಗಿಟ್ಟಿತು. ಒಂದೇ ಗಿಡ, ಒಂದು ಗೇಣು ಮೇಲೆ ಅಪರಾಧ, ಒಂದು ಗೇಣು ಕೆಳಗೆ ಅಲ್ಲ. ಕಾನೂನಿಗೆ ಗೆರೆ ಎಲ್ಲಾದರೂ ಎಳೆಯಲೇಬೇಕು, ನಿಜ. ಮಿದುಳು ಎಳೆದುಕೊಂಡಿರುವ ಗೆರೆಗಳು ಬೇರೆಯೇ.

ಆ ಗೆರೆಗಳನ್ನು ಹುಡುಕುವ ಸರ್ಕಾರಿ ಯತ್ನವೊಂದು ಭಾರತದಲ್ಲೇ ನಡೆಯಿತು. ಗಾಂಜಾ ಸೇದಿ ಜನ ಹುಚ್ಚರಾಗುತ್ತಿದ್ದಾರೆ, ಹುಚ್ಚಾಸ್ಪತ್ರೆಗಳು ಅವರಿಂದಲೇ ತುಂಬಿವೆ ಎಂಬ ದೂರು ಬ್ರಿಟನ್ನಿನ ಪಾರ್ಲಿಮೆಂಟಿನಲ್ಲಿ ಎದ್ದಾಗ 1893ರಲ್ಲಿ ಏಳು ಜನರ ಆಯೋಗ ನೇಮಕವಾಯಿತು. ಅವರಲ್ಲಿ ಮೂವರು ಭಾರತೀಯರು. ಸಾವಿರಕ್ಕೂ ಹೆಚ್ಚು ಸಾಕ್ಷಿಗಳು, ಊರೂರಿನ ತಿರುಗಾಟ, ಕೊನೆಗೆ ಸಂಪುಟಗಟ್ಟಲೆ ವರದಿ. ಹುಚ್ಚಾಸ್ಪತ್ರೆಗಳ ದಾಖಲೆ ಪುಸ್ತಕ ತೆರೆದು ನೋಡಿದರೆ ‘ಕಾರಣ: ಗಾಂಜಾ’ ಎಂದು ಬರೆದ ಅನೇಕ ಕಡೆ ಆಧಾರ ಪೊಳ್ಳು. ರೋಗಿಯನ್ನು ಕರೆತಂದ ಪೊಲೀಸಿನವನು ಹೇಳಿದ್ದನ್ನು ಗುಮಾಸ್ತ ಬರೆದುಕೊಂಡಿದ್ದ. ಮಿತವಾಗಿ ಬಳಸುವವರಿಗೆ ಹೇಳಿಕೊಳ್ಳುವಂಥ ಹಾನಿಯಿಲ್ಲ, ಅತಿಯಾದರೆ ಇದೆ, ಪೂರ್ತಿ ನಿಷೇಧ ಬೇಡ ಎಂದು ಆಯೋಗ ತೀರ್ಮಾನಿಸಿತು. ಸಾಮ್ರಾಜ್ಯಕ್ಕೆ ಗಾಂಜಾ ತೆರಿಗೆಯ ಆದಾಯವಿತ್ತು ಎಂಬುದನ್ನು ಮರೆಯದೆ ಈ ತೀರ್ಮಾನ ಓದಬೇಕು. ಆದರೂ ಸಾಕ್ಷಿಯನ್ನು ಜರಡಿ ಹಿಡಿದ ರೀತಿ ಪ್ರಾಮಾಣಿಕವಾಗಿದೆ.

ನನ್ನ ಕುತೂಹಲ ಇರುವುದು ಆ ವರದಿಯೊಳಗಿನ ಕೋತಿಯ ಮೇಲೆ. ಆಯೋಗಕ್ಕಾಗಿ ಕಲ್ಕತ್ತಾದಲ್ಲಿ ಕೋತಿಯೊಂದಕ್ಕೆ ತಿಂಗಳುಗಟ್ಟಲೆ ಗಾಂಜಾ ಹೊಗೆ ಕುಡಿಸಿ, ಆಮೇಲೆ ಅದರ ಮಿದುಳನ್ನು ಕೊಯ್ದು ನೋಡಿದರು. ಏನೂ ಕಾಣಲಿಲ್ಲ. ಕಾಣುವುದಾದರೂ ಹೇಗೆ? ಅವರು ಹುಡುಕುತ್ತಿದ್ದದ್ದು ಗಾಯವನ್ನು. ಗಾಂಜಾ ಕೈಯಾಡಿಸುವ ಜಾಗ ಒಂದು ನರಕೋಶಕ್ಕೂ ಇನ್ನೊಂದಕ್ಕೂ ನಡುವೆ ಇರುವ ಸಂದು. ಒಂದು ಮಿಲಿಮೀಟರನ್ನು ಐವತ್ತು ಸಾವಿರ ಹೋಳು ಮಾಡಿದರೆ ಒಂದು ಹೋಳಿನಷ್ಟು ಅದರ ಅಗಲ. ‘ಸಿನಾಪ್ಸ್’ ಎಂಬ ಹೆಸರೇ ಅದಕ್ಕೆ ಬಂದದ್ದು 1897ರಲ್ಲಿ, ವರದಿ ಬಂದು ಮೂರು ವರ್ಷ ಕಳೆದ ಮೇಲೆ.

ಆ ಸಂದಿನ ಬಗ್ಗೆ ಆಗಿನ ದೊಡ್ಡ ಮಾತು ಸ್ಪೇನಿನ ಸಾಂಟಿಯಾಗೊ ರಮೋನ್ ಈ ಕಹಾಲರದು. ನರಕೋಶಕ್ಕೆ ಒಂದು ತುದಿಯಲ್ಲಿ ಸುದ್ದಿ ಬರುತ್ತದೆ, ಇನ್ನೊಂದು ತುದಿಯಿಂದ ಹೋಗುತ್ತದೆ, ಉಲ್ಟಾ ಎಂದೂ ಹರಿಯದು. ಟೆಲಿಗ್ರಾಫಿನ ಕಾಲಕ್ಕೆ ಒಪ್ಪುವ ನಿಯಮ. ಕಳಿಸುವ ಕೋಶ ಪುಟ್ಟ ಚೀಲಗಳಲ್ಲಿ ರಾಸಾಯನಿಕ ತುಂಬಿಟ್ಟುಕೊಂಡು, ವಿದ್ಯುತ್ತಿನ ತರಂಗ ಬಂದಾಗ ಅದನ್ನು ಸಂದಿಗೆ ಸುರಿಯುತ್ತದೆ. ಆಚೆಯ ಕೋಶ ಅದನ್ನು ಹಿಡಿಯುತ್ತದೆ. ಈ ಚಿತ್ರ ಸುಳ್ಳಲ್ಲ. ಶಾಲೆಯ ಪುಸ್ತಕಗಳಲ್ಲಿ ಇವತ್ತಿಗೂ ಇದೇ ಇದೆ. ಆದರೆ ಗಾಂಜಾದ ಒಗಟು ಬಿಡಿಸಲು ಇದೊಂದೇ ಸಾಲುತ್ತಿರಲಿಲ್ಲ.

ಅದಕ್ಕೂ ಮೊದಲು ಬಿಡಿಸಬೇಕಾಗಿದ್ದದ್ದು ಗಿಡದ ಒಗಟು. ಅಫೀಮಿನಿಂದ ಮಾರ್ಫಿನ್ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲೇ ಬೇರೆಯಾಯಿತು. ಕೋಕಾ ಎಲೆಯಿಂದ ಕೊಕೇನ್ 1860ರ ಹೊತ್ತಿಗೆ ಬಂತು. ಎರಡೂ ಹರಳುಗಟ್ಟುವ ವಸ್ತುಗಳು, ಎರಡರಲ್ಲೂ ನೈಟ್ರೋಜನ್ ಇದೆ, ಆಮ್ಲ ಹಾಕಿದರೆ ಲವಣವಾಗಿ ಇಳಿಯುತ್ತವೆ. ಗಾಂಜಾದ ಸತ್ವ ಹಾಗಲ್ಲ. ಅದು ಎಣ್ಣೆ. ಹತ್ತಾರು ಸೋದರ ವಸ್ತುಗಳ ಜೊತೆ ಜಿಗಿಯಾಗಿ ಬೆರೆತಿರುತ್ತದೆ, ನೀರಿನಲ್ಲಿ ಕರಗುವುದಿಲ್ಲ, ಹರಳಾಗುವುದಿಲ್ಲ. ಕೇಂಬ್ರಿಜ್‌ನಲ್ಲಿ 1890ರ ದಶಕದಲ್ಲಿ, ಅಮೆರಿಕದ ಇಲಿನಾಯ್‌ನಲ್ಲಿ ರೋಜರ್ ಆಡಮ್ಸ್ ಅವರಿಂದ 1940ರಲ್ಲಿ, ಸೋದರರು ಒಬ್ಬೊಬ್ಬರಾಗಿ ಸಿಕ್ಕಿದರು. ಅಮಲೇರಿಸುವ ಮುಖ್ಯ ಆಸಾಮಿ ಮಾತ್ರ ಕೈಗೆ ಸಿಗಲಿಲ್ಲ.

ಸಿಕ್ಕಿದ್ದು 1964ರಲ್ಲಿ, ಇಸ್ರೇಲಿನಲ್ಲಿ. ಬಲ್ಗೇರಿಯಾದ ಸೋಫಿಯಾದಲ್ಲಿ ಹುಟ್ಟಿ ಅಲ್ಲಿಗೆ ವಲಸೆ ಬಂದ ರಾಫೆಲ್ ಮೆಷೌಲಂ ಆಗ ವೈಜ್ಮನ್ ಸಂಸ್ಥೆಯಲ್ಲಿದ್ದರು. ಪೊಲೀಸರು ವಶಪಡಿಸಿಕೊಂಡಿದ್ದ ಲೆಬನಾನಿನ ಹಶೀಶು ಐದು ಕಿಲೋ ಕೇಳಿ ಪಡೆದು, ಚೀಲದಲ್ಲಿ ಹಾಕಿಕೊಂಡು ಬಸ್ಸಿನಲ್ಲಿ ಬಂದರಂತೆ. ಸಹಪ್ರಯಾಣಿಕರಿಗೆ ಇದೇನು ವಾಸನೆ ಎಂದು ಪೇಚಾಟ. ಯೆಹಿಯೆಲ್ ಗಾವೊನಿ ಅವರ ಜೊತೆ ಅದನ್ನು ಮತ್ತೆ ಮತ್ತೆ ಸೋಸಿ ತೆಗೆದ ಎಣ್ಣೆಯೇ ಟೆಟ್ರಾಹೈಡ್ರೋಕ್ಯಾನಬಿನಾಲ್, ಈಗ ಎಲ್ಲರ ಬಾಯಲ್ಲಿರುವ ಟಿಎಚ್‌ಸಿ. ಮೆಷೌಲಂ ಅವರ ಪತ್ನಿ ಕೇಕಿನ ತುಣುಕುಗಳ ಮೇಲೆ ಹತ್ತು ಹತ್ತು ಮಿಲಿಗ್ರಾಂ ಹಾಕಿ ಸ್ನೇಹಿತರಿಗೆ ಕೊಟ್ಟರು. ಒಬ್ಬ ನಕ್ಕ, ಒಬ್ಬ ಮಾತು ನಿಲ್ಲಿಸಲಿಲ್ಲ, ಒಬ್ಬರಿಗೆ ದಿಗಿಲಾಯಿತು. ಕಲ್ಕತ್ತಾದ ಮೂರು ಮಂಚಗಳ ಕಥೆಯೇ ಮತ್ತೊಮ್ಮೆ ನಡೆದಂತೆ.

ಈಗ ವಸ್ತು ಗೊತ್ತಾಯಿತು, ವಿಳಾಸ ಗೊತ್ತಾಗಲಿಲ್ಲ. ಟಿಎಚ್‌ಸಿ ಎಣ್ಣೆಯಂಥದ್ದಾದ್ದರಿಂದ ನರಕೋಶದ ಕೊಬ್ಬಿನ ಪೊರೆಯಲ್ಲಿ ಸುಮ್ಮನೆ ನೆನೆದು ಅದನ್ನು ಸಡಿಲ ಮಾಡುತ್ತದೆ, ಬೇರೆ ವಿಶೇಷವೇನಿಲ್ಲ ಎಂದು ಬಹಳ ಜನ ನಂಬಿದ್ದರು. ಈ ನಂಬಿಕೆಯನ್ನು ಅಲುಗಾಡಿಸಿದ್ದು ಕನ್ನಡಿಯ ಪರೀಕ್ಷೆ. ಎಡಗೈಗೂ ಬಲಗೈಗೂ ಇರುವ ಸಂಬಂಧದಂತೆ ಟಿಎಚ್‌ಸಿ ಅಣುವಿಗೂ ಒಂದು ಕನ್ನಡಿಬಿಂಬವನ್ನು ತಯಾರಿಸಬಹುದು. ಎಣ್ಣೆಯಾಗಿ ನೆನೆಯುವುದಷ್ಟೇ ಕೆಲಸವಾಗಿದ್ದರೆ ಎರಡೂ ಒಂದೇ ಅಮಲು ತರಬೇಕಿತ್ತು. ತರಲಿಲ್ಲ. ಒಂದು ಕೈ ಮಾತ್ರ ಕೆಲಸ ಮಾಡಿತು. ಎಲ್ಲೋ ಒಂದು ಕೈಗವಸು ಇದೆ ಎಂದಾಯಿತು.

ಆ ಕೈಗವಸನ್ನು ಹುಡುಕಿದವರು ಅಮೆರಿಕದ ಸೇಂಟ್ ಲೂಯಿಸ್‌ನ ಅಲಿನ್ ಹೌಲೆಟ್, ಅವರ ಶಿಷ್ಯ ವಿಲಿಯಂ ಡಿವೇನ್. ಔಷಧ ಕಂಪನಿಯೊಂದು ತಯಾರಿಸಿದ್ದ, ಟಿಎಚ್‌ಸಿಗಿಂತ ಗಟ್ಟಿಯಾಗಿ ಅಂಟಿಕೊಳ್ಳುವ ಕೃತಕ ಅಣುವಿಗೆ ವಿಕಿರಣದ ಗುರುತು ಹಾಕಿ ಇಲಿಯ ಮಿದುಳಿನಲ್ಲಿ ಅದು ಎಲ್ಲಿ ಕೂರುತ್ತದೆಂದು 1988ರಲ್ಲಿ ತೋರಿಸಿದರು. ಆ ಪೀಠದ ಹೆಸರು ಮುಂದೆ ಸಿಬಿ-1 ರಿಸೆಪ್ಟರ್ ಎಂದಾಯಿತು. 1990ರಲ್ಲಿ ಅದರ ಜೀನ್ ಸಿಕ್ಕಿತು. ಅದೇ ವರ್ಷ ಮೈಲ್ಸ್ ಹರ್ಕೆನ್ಹಾಮ್ ಮತ್ತು ಸಂಗಡಿಗರು ಮಿದುಳಿನ ನಕ್ಷೆ ಬಿಡಿಸಿದರು. ಓಶಾನೆಸಿ ನೋಡಿದ್ದಕ್ಕೆ ಈ ನಕ್ಷೆ ಟಿಪ್ಪಣಿ ಬರೆದಂತಿದೆ. ಚಲನೆಯನ್ನು ಹದಗೊಳಿಸುವ ಬೇಸಲ್ ಗ್ಯಾಂಗ್ಲಿಯಾದಲ್ಲಿ ಸಿಬಿ-1 ದಟ್ಟ, ಅದಕ್ಕೇ ತೋಳು ಎತ್ತಿದಲ್ಲಿ ನಿಂತಿತು. ಮೈಯ ತೂಕ ಹಿಡಿಯುವ ಸೆರೆಬೆಲ್ಲಂನಲ್ಲಿ ದಟ್ಟ, ಅದಕ್ಕೇ ನಾಯಿ ತಟ್ಟಾಡಿತು. ನೆನಪನ್ನು ಹೊಸೆಯುವ ಹಿಪೊಕ್ಯಾಂಪಸ್‌ನಲ್ಲಿ ದಟ್ಟ, ಸೇದಿದವನು ಆರಂಭಿಸಿದ ವಾಕ್ಯದ ಕೊನೆ ಮರೆಯುವುದು ಅದಕ್ಕೇ. ಉಸಿರು ಮತ್ತು ಗುಂಡಿಗೆಯನ್ನು ಕಾಯುವ ಮಿದುಳುಕಾಂಡದ ಕೆಳಭಾಗದಲ್ಲಿ ಮಾತ್ರ ತೀರ ವಿರಳ. ಅಫೀಮು ಅತಿಯಾದವನ ಉಸಿರು ನಿಲ್ಲುತ್ತದೆ, ಗಾಂಜಾ ಅತಿಯಾದವನದು ಹಾಗೆ ನಿಲ್ಲುವುದಿಲ್ಲ. ವ್ಯತ್ಯಾಸ ಗಿಡದ ಸಾಧುತನದಲ್ಲಿಲ್ಲ, ನಕ್ಷೆಯಲ್ಲಿದೆ.

ಯಾವುದೋ ಗಿಡದ ಅಂಟಿಗಾಗಿ ಮಿದುಳು ಇಷ್ಟೊಂದು ಪೀಠ ಹಾಕಿಕೊಂಡು ಕಾಯುತ್ತದೆಯೇ? ಮೈಯೊಳಗೇ ಅದಕ್ಕೊಂದು ಅಣು ಇರಬೇಕು. ಡಿವೇನ್ ಜೆರುಸಲೇಂಗೆ ಹೋಗಿ ಮೆಷೌಲಂ ಗುಂಪು ಸೇರಿದರು. ಚೆಕ್ ರಸಾಯನಜ್ಞ ಲುಮೀರ್ ಹನೂಶ್ ಕೂಡ ಅಲ್ಲಿದ್ದರು. ಹಂದಿಗಳ ಮಿದುಳನ್ನು ಅರೆದು ಸೋಸಿ, 1992ರಲ್ಲಿ ಒಂದು ಕೊಬ್ಬಿನ ಅಣುವನ್ನು ಹಿಡಿದರು. ಅದಕ್ಕಿಟ್ಟ ಹೆಸರು ‘ಆನಂದಮೈಡ್’. ಸಂಸ್ಕೃತದ ಆನಂದ, ರಸಾಯನಶಾಸ್ತ್ರದ ಅಮೈಡ್. ನಮ್ಮ ಕಿವಿಗೆ ಒಡನೆಯೇ ಹಿತವಾಗುವ ಹೆಸರು. ಆನಂದಮಯ ಕೋಶದ ಮಾತು ಕೇಳಿ ಬೆಳೆದವರಿಗೆ, ಋಷಿಗಳು ಹೇಳಿದ್ದೇ ಹಂದಿಯ ಮಿದುಳಿನಲ್ಲಿ ಸಿಕ್ಕಿತು ಎಂದು ಬೀಗುವ ಆಸೆಯೂ ಆಗಬಹುದು. ಆದರೆ ಹೆಸರು ಸ್ವಲ್ಪ ದಾರಿ ತಪ್ಪಿಸುತ್ತದೆ. ಈ ಅಣು ಆನಂದದ ಹನಿಯಲ್ಲ. 1995ರಲ್ಲಿ ಇದರ ಅಣ್ಣ 2-ಎಜಿ ಎಂಬುದು ಜೆರುಸಲೇಂನಲ್ಲೂ ಜಪಾನಿನಲ್ಲೂ ಬೇರೆ ಬೇರೆಯಾಗಿ ಸಿಕ್ಕಿತು. ಮಿದುಳಿನಲ್ಲಿ ಅದರ ಪ್ರಮಾಣ ಆನಂದಮೈಡಿಗಿಂತ ಎಷ್ಟೋ ಪಟ್ಟು ಹೆಚ್ಚು. ಅದಕ್ಕೆ ಯಾರೂ ಕಾವ್ಯಮಯ ಹೆಸರಿಡಲಿಲ್ಲ, ಹಾಗಾಗಿ ಪತ್ರಿಕೆಗಳಲ್ಲಿ ಅದರ ಸುದ್ದಿ ಕಡಿಮೆ. ಕೆಲಸ ಹೆಚ್ಚು ಮಾಡುವುದು ಅದೇ.

ಏನು ಕೆಲಸ? ಇಲ್ಲಿ ಕಥೆ ಬೇರೆ ಕೋಣೆಗೆ ಹೋಗಬೇಕು. ಗಾಂಜಾದ ಗೊಡವೆಯೇ ಇಲ್ಲದ ಕೆಲವರು ನರಕೋಶಗಳಿಗೆ ಗಾಜಿನ ಸೂಜಿ ಚುಚ್ಚಿ ವಿದ್ಯುತ್ತನ್ನು ಅಳೆಯುತ್ತಿದ್ದರು. 1991ರಲ್ಲಿ ಪ್ಯಾರಿಸಿನ ಅಲೈನ್ ಮಾರ್ಟಿ ಗುಂಪು ಸೆರೆಬೆಲ್ಲಂನಲ್ಲಿ, 1992ರಲ್ಲಿ ಅಮೆರಿಕದ ಬ್ರಾಡ್ಲಿ ಆಲ್ಜರ್ ಮತ್ತು ಥಾಮಸ್ ಪಿಟ್ಲರ್ ಹಿಪೊಕ್ಯಾಂಪಸ್‌ನಲ್ಲಿ ಒಂದು ವಿಚಿತ್ರ ಕಂಡರು. ಸುದ್ದಿ ಸ್ವೀಕರಿಸುವ ಕೋಶವನ್ನು ಕೆಲವು ಸೆಕೆಂಡು ಕೆರಳಿಸಿದರೆ, ಅದಕ್ಕೆ ‘ಸುಮ್ಮನಿರು’ ಎಂದು ಸುದ್ದಿ ಕಳಿಸುತ್ತಿದ್ದ ಕೋಶಗಳು ತಾವೇ ಸುಮ್ಮನಾಗುತ್ತವೆ. ಹತ್ತಾರು ಸೆಕೆಂಡುಗಳ ಮೌನ, ಆಮೇಲೆ ಮತ್ತೆ ಎಂದಿನಂತೆ. ಕೆರಳಿದ್ದು ಪಡೆಯುವವನು, ಬಾಯಿ ಮುಚ್ಚಿದ್ದು ಕಳಿಸುವವನು. ಅಂದರೆ ಪಡೆಯುವವನಿಂದ ಕಳಿಸುವವನಿಗೆ ಏನೋ ಒಂದು ಸುದ್ದಿ ತಿರುಗಿ ಹೋಗಿದೆ. ಕಹಾಲರ ನಿಯಮದಲ್ಲಿ ಇದಕ್ಕೆ ಜಾಗವಿಲ್ಲ, ತಂತಿಯ ಹೋಲಿಕೆಯಲ್ಲಂತೂ ಇಲ್ಲವೇ ಇಲ್ಲ. ಸುದ್ದಿ ಒಯ್ಯುವವನು ಯಾರೆಂದು ಸುಮಾರು ಹತ್ತು ವರ್ಷ ಹುಡುಕಿದರು. ಗ್ಲುಟಮೇಟ್ ಇರಬಹುದೆಂಬ ಅನುಮಾನವೂ ಇತ್ತು.

2001ರ ವಸಂತದಲ್ಲಿ ಮೂರು ಪ್ರಯೋಗಾಲಯಗಳು ಹೆಚ್ಚುಕಡಿಮೆ ಒಟ್ಟಿಗೇ ಉತ್ತರ ಕೊಟ್ಟವು: ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ರೇಚಲ್ ವಿಲ್ಸನ್ ಮತ್ತು ರೋಜರ್ ನಿಕೋಲ್, ಜಪಾನಿನ ಕನಜಾವಾದಲ್ಲಿ ಮಸನೋಬು ಕಾನೋ ಗುಂಪು, ಹಾರ್ವರ್ಡಿನಲ್ಲಿ ಅನಾಟೋಲ್ ಕ್ರೈಟ್ಜರ್ ಮತ್ತು ವೇಡ್ ರೆಗರ್. ಸಿಬಿ-1 ಪೀಠಕ್ಕೆ ಬೀಗ ಹಾಕುವ ಔಷಧ ಕೊಟ್ಟರೆ ಆ ಮೌನ ಬರಲಿಲ್ಲ. ಸಿಬಿ-1 ಇಲ್ಲದೆ ಹುಟ್ಟಿಸಿದ ಇಲಿಗಳಲ್ಲೂ ಬರಲಿಲ್ಲ. ತಿರುಗಿ ಹೋಗುವ ಸುದ್ದಿ ಎಂದರೆ ಮೈಯೊಳಗಿನ ಗಾಂಜಾವೇ.

ಇದನ್ನು ಅರ್ಥ ಮಾಡಿಕೊಳ್ಳಲು ತಂತಿಯನ್ನು ಬಿಟ್ಟು ಹಳೆ ಮೈಸೂರಿನ ಕೆರೆಗೆ ಹೋಗುವುದು ಒಳ್ಳೆಯದು. ಕೆರೆಯ ತೂಬನ್ನು ಎತ್ತಿ ಇಳಿಸುವವನು ನೀರುಗಂಟಿ. ನೀರು ತೂಬಿನಿಂದ ಗದ್ದೆಗೆ ಹರಿಯುತ್ತದೆ, ಗದ್ದೆಯಿಂದ ತೂಬಿಗೆ ಎಂದೂ ಹರಿಯದು. ಆದರೆ ಗದ್ದೆ ತುಂಬಿದಾಗ ಆಳೊಬ್ಬ ಬದುವಿನ ಮೇಲೆ ಓಡಿ ಹೋಗಿ, ಸಾಕು, ಸ್ವಲ್ಪ ಇಳಿಸು ಎಂದು ನೀರುಗಂಟಿಗೆ ಹೇಳುತ್ತಾನೆ. ಆ ಆಳೇ 2-ಎಜಿ. ಉಳಿದ ನರವಾಹಕಗಳಂತೆ ಅದನ್ನು ಮೊದಲೇ ತಯಾರಿಸಿ ಚೀಲದಲ್ಲಿ ಕೂಡಿಡುವುದಿಲ್ಲ. ಕೊಬ್ಬಿನಲ್ಲಿ ಕರಗುವ ವಸ್ತುವನ್ನು ಕೊಬ್ಬಿನ ಚೀಲದಲ್ಲಿ ಹಿಡಿದಿಡಲಾಗದು. ಪಡೆಯುವ ಕೋಶದೊಳಗೆ ಕ್ಯಾಲ್ಸಿಯಂ ಏರಿದಾಗ, ಅದರ ಪೊರೆಯ ಕೊಬ್ಬಿನಿಂದಲೇ ಆ ಕ್ಷಣಕ್ಕೆ ಕತ್ತರಿಸಿ ತೆಗೆಯುತ್ತದೆ. ಅದು ಸಂದನ್ನು ಹಿಮ್ಮುಖವಾಗಿ ದಾಟಿ ಕಳಿಸುವ ಕೋಶದ ತುದಿಯಲ್ಲಿರುವ ಸಿಬಿ-1 ಮೇಲೆ ಕೂರುತ್ತದೆ. ಕೂತ ಕೂಡಲೆ ಆ ತುದಿಯ ಕ್ಯಾಲ್ಸಿಯಂ ಬಾಗಿಲುಗಳು ಅರೆ ಮುಚ್ಚುತ್ತವೆ. ಕ್ಯಾಲ್ಸಿಯಂ ಒಳಬರದೆ ಚೀಲಗಳು ಒಡೆಯವು, ಸುರಿಯುವ ರಾಸಾಯನಿಕ ಕಡಿಮೆಯಾಗುತ್ತದೆ. ಆಮೇಲೆ ಪಕ್ಕದಲ್ಲೇ ಕಾದಿರುವ ಕಿಣ್ವವೊಂದು 2-ಎಜಿಯನ್ನು ಕತ್ತರಿಸಿ ಹಾಕುತ್ತದೆ. ಆಳು ಸುದ್ದಿ ಮುಟ್ಟಿಸಿ ಮಾಯ.

ಕೆರೆಯ ಹೋಲಿಕೆ ಒಂದು ಕಡೆ ಕುಂಟುತ್ತದೆ. ಕಡಿಮೆಯಾಗುವ ಸುದ್ದಿ ‘ಏಳು’ ಎಂಬುದೂ ಆಗಿರಬಹುದು, ‘ಸುಮ್ಮನಿರು’ ಎಂಬುದೂ ಆಗಿರಬಹುದು. ಕೆರಳಿಸುವವನನ್ನು ಸುಮ್ಮನಾಗಿಸಿದರೆ ಶಾಂತಿ. ಸುಮ್ಮನಾಗಿಸುವವನನ್ನೇ ಸುಮ್ಮನಾಗಿಸಿದರೆ ಗದ್ದಲ. ಸಿಬಿ-1 ಎರಡೂ ಬಗೆಯ ತುದಿಗಳಲ್ಲಿದೆ. ಒಬ್ಬನಿಗೆ ನಗು, ಇನ್ನೊಬ್ಬನಿಗೆ ದಿಗಿಲು ಯಾಕೆ ಎಂಬುದಕ್ಕೆ ಇದರಲ್ಲಿ ಒಂದು ಸುಳಿವಿದೆ.

ಈಗ ಹೊರಗಿನ ಗಾಂಜಾ. ಮೈಯೊಳಗಿನ ಸುದ್ದಿ ಒಂದು ಗದ್ದೆಯಿಂದ ಒಂದು ತೂಬಿಗೆ, ಕೆಲವು ಸೆಕೆಂಡುಗಳ ಮಟ್ಟಿಗೆ. ಟಿಎಚ್‌ಸಿ ಎಂಬ ಅಪರಿಚಿತ ಊರಿನ ಎಲ್ಲ ಕೆರೆಗಳ ನೀರುಗಂಟಿಗಳಿಗೂ ಒಟ್ಟಿಗೇ ‘ಇಳಿಸು’ ಎಂದು ಹೇಳಿ, ತಾಸುಗಟ್ಟಲೆ ಅಲ್ಲೇ ಕೂತುಬಿಡುತ್ತದೆ. ಯಾವ ಗದ್ದೆ ತುಂಬಿದೆ, ಯಾವುದು ಒಣಗಿದೆ ಎಂದು ಅದಕ್ಕೆ ಗೊತ್ತಿಲ್ಲ. 2-ಎಜಿಯನ್ನು ಕತ್ತರಿಸುವ ಕಿಣ್ವ ಇದನ್ನು ಮುಟ್ಟುವುದೂ ಇಲ್ಲ. ಗಾಂಜಾ ಮಿದುಳಿಗೆ ಹೊಸದೇನನ್ನೂ ಹೇಳಿಕೊಡುವುದಿಲ್ಲ. ಮಿದುಳು ತನ್ನೊಳಗೇ ಪಿಸುಗುಡುವ ಒಂದು ಮಾತನ್ನು ಧ್ವನಿವರ್ಧಕ ಹಚ್ಚಿ ಕೂಗುತ್ತದೆ, ಅಷ್ಟೆ. ಆನಂದ, ಜ್ಞಾನೋದಯ ಎಂದು ಜನ ಕರೆಯುವುದು ಈ ಕೂಗಿನ ಮಧ್ಯದ ಅನುಭವವನ್ನು. ಅದನ್ನು ಅಲ್ಲಗಳೆಯಲು ನಾನು ಯಾರೂ ಅಲ್ಲ. ಆದರೆ ಆ ಹೊತ್ತಿನಲ್ಲಿ ತೂಬು-ಗದ್ದೆಗಳ ನಡುವಿನ ಮಾತುಕತೆ ನಿಂತಿರುತ್ತದೆ ಎಂಬುದೂ ಅಷ್ಟೇ ನಿಜ.

ಮಾತುಕತೆಯನ್ನು ಇನ್ನೊಂದು ಕಡೆಯಿಂದ ನಿಲ್ಲಿಸಿದರೂ ಕಷ್ಟವೇ. ಗಾಂಜಾ ಹಸಿವು ಹೆಚ್ಚಿಸುವುದಾದರೆ ಸಿಬಿ-1ಕ್ಕೆ ಬೀಗ ಹಾಕಿ ಹಸಿವು ತಗ್ಗಿಸೋಣ ಎಂದು ಸನೋಫಿ ಕಂಪನಿ ರಿಮೊನಬಂಟ್ ಮಾತ್ರೆ ತಯಾರಿಸಿತು. ಪ್ರಯೋಗಾಲಯಗಳಲ್ಲಿ ಸಿಬಿ-1ರ ಬೀಗವಾಗಿ ಮೊದಲಿಗೆ ಬಳಕೆಗೆ ಬಂದದ್ದೂ ಇದೇ ಅಣು. 2006ರಲ್ಲಿ ಯೂರೋಪಿನಲ್ಲಿ ಮಾರಾಟಕ್ಕೆ ಬಂತು. ತೂಕ ಇಳಿಯಿತು. ಜೊತೆಗೆ ಮನಸ್ಸೂ ಇಳಿಯಿತು. ಖಿನ್ನತೆ, ಕಳವಳ, ಆತ್ಮಹತ್ಯೆಯ ಯೋಚನೆಗಳು. 2008ರಲ್ಲಿ ಮಾತ್ರೆಯನ್ನು ಹಿಂದಕ್ಕೆ ಪಡೆದರು. ಆನಂದಮೈಡನ್ನು ಕತ್ತರಿಸುವ ಕಿಣ್ವವನ್ನು ತಡೆದು ಆನಂದವನ್ನು ಉಳಿಸೋಣ ಎಂಬ ಮತ್ತೊಂದು ದಾರಿಯೂ ಇತ್ತು. 2016ರ ಜನವರಿಯಲ್ಲಿ ಫ್ರಾನ್ಸಿನ ರೆನ್ ನಗರದಲ್ಲಿ ಅಂಥ ಒಂದು ಔಷಧದ ಪ್ರಯೋಗದಲ್ಲಿ ಆರೋಗ್ಯವಂತ ಸ್ವಯಂಸೇವಕನೊಬ್ಬ ಸತ್ತ, ಇನ್ನು ಕೆಲವರು ಆಸ್ಪತ್ರೆ ಸೇರಿದರು. ಆ ಅಣು ತನಗೆ ಹೇಳಿದ ಕಿಣ್ವವನ್ನು ಬಿಟ್ಟು ಬೇರೆ ಕಿಣ್ವಗಳನ್ನೂ ಹಿಡಿಯುತ್ತಿತ್ತು ಎಂದು ಆಮೇಲೆ ತಿಳಿಯಿತು.

ಇದೆಲ್ಲ ತಿಳಿದ ಮೇಲೆ 1894ರ ಆಯೋಗದ ವರದಿಯನ್ನು ಮತ್ತೆ ತೆರೆದರೆ ಅದು ಕೇಳದೆ ಬಿಟ್ಟ ಪ್ರಶ್ನೆ ಎದ್ದು ಕಾಣುತ್ತದೆ: ವಯಸ್ಸು. ಸ್ವೀಡನ್ನಿನಲ್ಲಿ ಸೈನ್ಯಕ್ಕೆ ಸೇರಿದ ಸುಮಾರು 45,000 ಹುಡುಗರನ್ನು ಹದಿನೈದು ವರ್ಷ ಹಿಂಬಾಲಿಸಿ 1987ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಹದಿನೆಂಟರೊಳಗೆ ಐವತ್ತಕ್ಕಿಂತ ಹೆಚ್ಚು ಸಲ ಗಾಂಜಾ ಬಳಸಿದ್ದವರಲ್ಲಿ ಸ್ಕಿಜೋಫ್ರೇನಿಯಾದ ಪ್ರಮಾಣ ಬಳಸದವರ ಆರು ಪಟ್ಟು ಇತ್ತು. ಗಾಂಜಾದಿಂದ ರೋಗ ಬಂತೋ, ರೋಗದ ಕಡೆ ವಾಲಿದ ಮನಸ್ಸು ಗಾಂಜಾವನ್ನು ಹುಡುಕಿತೋ ಎಂಬ ವಾದ ಅಂದಿನಿಂದ ನಡೆದೇ ಇದೆ. ಬೇರೆ ಕಾರಣಗಳನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಆರು ಪಟ್ಟು ಕಡಿಮೆಯಾಗುತ್ತದೆ, ಆದರೆ ಸೊನ್ನೆಯಾಗುವುದಿಲ್ಲ. ಹದಿಹರೆಯದ ಮಿದುಳಿನಲ್ಲಿ ಸಿನಾಪ್ಸ್‌ಗಳು ಇನ್ನೂ ಗಟ್ಟಿಯಾಗಿರುವುದಿಲ್ಲ. ಯಾವುದು ಉಳಿಯಬೇಕು, ಯಾವುದು ಕಳಚಬೇಕು ಎಂದು ಅವು ತಮ್ಮತಮ್ಮಲ್ಲಿ ಗೊತ್ತುಮಾಡಿಕೊಳ್ಳುವ ವಯಸ್ಸು ಅದು. ತಿರುಗಿ ಹೋಗುವ ಸುದ್ದಿಗೆ ಆ ತೀರ್ಮಾನದಲ್ಲಿ ಪಾಲಿದೆ. ನಮ್ಮ ಹಾಸ್ಟೆಲುಗಳಲ್ಲಿ ಹದಿನೇಳರ ಹುಡುಗರಿಗೆ ಸಿಗರೇಟಿನಲ್ಲಿ ತುಂಬಿ ಮಾರುವ ಸರಕು ಮೌನೇಶ್ವರನ ಮುದುಕ ಭಕ್ತನ ಭಂಗಿ ಅಲ್ಲ. ಗಿಡ ಒಂದೇ ಇರಬಹುದು, ಸೇರುವ ಮಿದುಳು ಒಂದೇ ಅಲ್ಲ.

ಇನ್ನು ಕಲ್ಕತ್ತಾದ ಆ ನಲವತ್ತು ದಿನದ ಕೂಸು. 2018ರಲ್ಲಿ ಅಮೆರಿಕದ ಔಷಧ ಇಲಾಖೆ ಮಕ್ಕಳಿಗೆ ಬರುವ ಎರಡು ಬಗೆಯ ಕಠಿಣ ಮೂರ್ಛೆರೋಗಗಳಿಗೆ, ಇದೇ ಗಿಡದಿಂದ ತೆಗೆದ ಕ್ಯಾನಬಿಡಿಯಾಲ್ ದ್ರವವನ್ನು ಒಪ್ಪಿತು. ಕ್ಯಾನಬಿಡಿಯಾಲ್ ಎಂದರೆ ಆಡಮ್ಸ್ 1940ರಲ್ಲಿ ಬೇರ್ಪಡಿಸಿದ ಸೋದರ. ಅಮಲೇರಿಸುವುದಿಲ್ಲವೆಂದು ಬಹುಕಾಲ ಮೂಲೆಯಲ್ಲಿದ್ದವನು. ಸೆಳೆತ ತಗ್ಗಿಸುವ ಈ ಕೆಲಸದಲ್ಲಿ ಅವನು ಸಿಬಿ-1 ಪೀಠದ ಮೇಲೆ ಸರಿಯಾಗಿ ಕೂರುವುದೇ ಇಲ್ಲ. ಬೇರೆ ಯಾವುದೋ ಬಾಗಿಲುಗಳನ್ನು ತಟ್ಟುತ್ತಾನೆ. ಅವು ಯಾವುವೆಂದು ಮೂರು ನಾಲ್ಕು ಹೆಸರುಗಳು ಓಡಾಡುತ್ತಿವೆ, ಒಂದರ ಮೇಲೆ ಇನ್ನೂ ಬೆರಳಿಟ್ಟಿಲ್ಲ.